ಲಿಂಫೋಮಾ ಎಲ್ಲೆಲ್ಲಿ ಹರಡಿದೆ? ಪೆಟ್-ಸಿಟಿ ತೋರಿಸುವ ಬಗೆ
(ಹಾಸನದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಸಕಲೇಶಪುರ ಕಡೆಯ ಕಾಫಿ ತೋಟದ ಕೆಲಸಗಾರರೊಬ್ಬರು ಕತ್ತಿನ ಗಡ್ಡೆ ತೋರಿಸಲು ಬಂದಿದ್ದರು. ನೋವಿಲ್ಲ, ಒತ್ತಿದರೆ ರಬ್ಬರಿನ ಹಾಗಿತ್ತು. ರಾತ್ರಿ ಬೆವರಿ ಹಾಸಿಗೆಯೇ ಒದ್ದೆಯಾಗುತ್ತಿತ್ತಂತೆ. ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಹಾಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ (ಸೋಂಕಿನೊಡನೆ ಹೋರಾಡುವ, ಮೈಯ ಹಲವೆಡೆ ಇರುವ ಸಣ್ಣ ಗಂಟುಗಳ) ಒಂದು ಬಗೆಯ ಕ್ಯಾನ್ಸರ್ ಎಂದು ಬಂತು. ಕತ್ತಿನಲ್ಲಷ್ಟೇ ಇದೆಯೋ, ಬೇರೆಡೆಯೂ ಇದೆಯೋ ಗೊತ್ತಾಗಬೇಕಿತ್ತು.

ಇದನ್ನು ತಿಳಿಯಲು ಹಿಂದೆ ಹೊಟ್ಟೆ ಕುಯ್ದು, ಹೊಟ್ಟೆಯ ಎಡಬದಿಯ ಗುಲ್ಮವನ್ನೇ ತೆಗೆದು ನೋಡುತ್ತಿದ್ದ ಕಾಲವೊಂದಿತ್ತು. ಆಮೇಲೆ ಎಕ್ಸ್-ರೇಯಿಂದ ಮೈಯೊಳಗಿನ ಚಿತ್ರ ತೆಗೆಯುವ ಸಿಟಿ ಸ್ಕ್ಯಾನ್ ಬಂತು. ಉದ್ದ 1.5 ಸೆಂ.ಮೀ. ದಾಟಿದ ದುಗ್ಧಗ್ರಂಥಿಯ ಮೇಲೆ ಸಿಟಿ ಅನುಮಾನ ಪಡುತ್ತದೆ. ಆದರೆ ಚಿಕ್ಕ ಗ್ರಂಥಿಯಲ್ಲೂ ರೋಗ ಅಡಗಿರಬಹುದು, ದೊಡ್ಡದು ಸೋಂಕಿನಿಂದ ಊದಿರಬಹುದು. ಪೆಟ್ ಎಂಬ ಇನ್ನೊಂದು ಸ್ಕ್ಯಾನ್ ನೋಡುವುದು ಕೋಶಗಳ ಹಸಿವನ್ನು. ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ, ಸಕ್ಕರೆಯನ್ನೇ ಹೋಲುವ ಎಫ್‌ಡಿಜಿಯನ್ನು ರಕ್ತನಾಳಕ್ಕೆ ಕೊಟ್ಟು ಸುಮಾರು ಒಂದು ಗಂಟೆ ಸುಮ್ಮನೆ ಮಲಗಿಸುತ್ತಾರೆ. ರೋಗದ ಕೋಶಗಳು ಅದನ್ನು ಬಾಚಿಕೊಳ್ಳುತ್ತವೆ. ಆ ಹೊಳಪನ್ನು ಸಿಟಿ ಚಿತ್ರದ ಮೇಲೆ ಕೂರಿಸಿದಾಗ, ಅದು ಯಾವ ಗ್ರಂಥಿಯದು ಎಂಬುದು ಖಚಿತವಾಗುತ್ತದೆ.

ಈ ಎಫ್‌ಡಿಜಿ ಸೂಸುವ ವಿಕಿರಣ 110 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಂಗಳೂರಿನಲ್ಲಿ ತುಂಬಿಸಿ ಹೊರಟರೆ, ಮೂರು ಗಂಟೆ ನಲವತ್ತು ನಿಮಿಷಕ್ಕೆ ಹಾಸನ ತಲುಪುವಾಗ ಉಳಿದಿರುವುದು ಕಾಲು ಭಾಗ. ಅದಕ್ಕೇ ಕೊಟ್ಟ ಸಮಯಕ್ಕೆ ಹೋಗಿ ಎಂದು ನಾನು ಅಷ್ಟು ಒತ್ತಿ ಹೇಳುವುದು.

ನಮ್ಮ ತೋಟದ ಕೆಲಸಗಾರರು ಸ್ಕ್ಯಾನಿಗೆ ಹೋದ ದಿನ ಬಾಯಿ ಕೆಂಪಗಿತ್ತು. "ಹೊಟ್ಟೆಗೇನೂ ಹಾಕಿಲ್ಲ ಸಾರ್, ಎಲೆ ಅಡಿಕೆ ಅಷ್ಟೇ" ಎಂದರಂತೆ. ಅಗಿದ ದವಡೆಯ ಸ್ನಾಯುಗಳೂ ಸಕ್ಕರೆ ಹೀರಿ ಹೊಳೆಯುತ್ತವೆ, ಅದೂ ಕತ್ತಿನ ಗ್ರಂಥಿಗಳ ಪಕ್ಕದಲ್ಲೇ. ಮರುದಿನ ಬರಹೇಳಿದರು. ಹಿಂದಿನ ದಿನ ಮೂಟೆ ಹೊರುವುದೂ ಬೇಡ. ಮಲೆನಾಡಿನ ಚಳಿಯಲ್ಲಿ ಹೊರಟವರು ಕಂಬಳಿ ಹೊದ್ದೇ ಹೋಗಿ. ಮೈ ತಣ್ಣಗಾದರೆ ಕತ್ತಿನ ಸುತ್ತಲ ಕಂದು ಕೊಬ್ಬು ಹೊಳೆದು ರೋಗದಂತೆ ಕಾಣುತ್ತದೆ. ಕ್ಷಯವೂ ಹಾಗೇ ಹೊಳೆಯುತ್ತದೆ, ಆದ್ದರಿಂದ ಬಯಾಪ್ಸಿ ಇಲ್ಲದೆ ಸ್ಕ್ಯಾನ್ ಒಂದನ್ನೇ ನೋಡಿ ಲಿಂಫೋಮಾ ಎನ್ನಲಾಗದು.

ರೋಗ ಎಷ್ಟು ಹರಡಿದೆ ಎಂಬುದನ್ನು ನಾಲ್ಕು ಹಂತಗಳಲ್ಲಿ ಹೇಳುತ್ತೇವೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯೇ ಇಲ್ಲಿ ಗಡಿ. ಒಂದೇ ಜಾಗದ ಗ್ರಂಥಿಗಳಾದರೆ ಮೊದಲ ಹಂತ, ವಪೆಯ ಒಂದೇ ಬದಿಯಲ್ಲಿ ಎರಡು ಅಥವಾ ಹೆಚ್ಚು ಕಡೆಯಾದರೆ ಎರಡನೆಯದು, ಎರಡೂ ಬದಿಯಾದರೆ ಮೂರನೆಯದು. ಮೂಳೆಮಜ್ಜೆ, ಯಕೃತ್ತಿಗೆ ಹೋಗಿದ್ದರೆ ನಾಲ್ಕು. ನಾಲ್ಕು ಎಂದೊಡನೆ ರೋಗಿಯನ್ನು ಮನೆಗೆ ಕರೆದೊಯ್ಯುವ ಕುಟುಂಬಗಳನ್ನು ಕಂಡಿದ್ದೇನೆ, ಸಂಕಟವಾಗುತ್ತದೆ. ಹಾಜ್‌ಕಿನ್‌ನಲ್ಲಿ ನಾಲ್ಕನೇ ಹಂತದವರೂ ಗುಣವಾಗುತ್ತಾರೆ.

ಆ ಕೆಲಸಗಾರರಲ್ಲಿ ಕೈಗೆ ಸಿಕ್ಕಿದ್ದು ಕತ್ತಿನ ಗಡ್ಡೆಯೊಂದೇ. ಸ್ಕ್ಯಾನಿನಲ್ಲಿ ಎದೆಯ ನಡುವೆಯೂ ಗುಲ್ಮದ ಬಳಿಯೂ ಹೊಳಪಿತ್ತು, ಮೂರನೇ ಹಂತ. ಚಿಕಿತ್ಸೆಯ ಲೆಕ್ಕವೇ ಬದಲಾಯಿತು. ಎರಡು ಸುತ್ತು ಕೀಮೋ ಮುಗಿದ ಮೇಲೆ ಮತ್ತೆ ನೋಡಿದೆವು. ಎದೆಯ ಗಡ್ಡೆ ಸಿಟಿಯಲ್ಲಿ ಇನ್ನೂ ಕಾಣುತ್ತಿತ್ತು, ಪೆಟ್‌ನಲ್ಲಿ ಅದರ ಹೊಳಪು ಯಕೃತ್ತಿನ ಸಹಜ ಹೊಳಪಿಗಿಂತ ಮಂಕಾಗಿತ್ತು. ಆ ಚಿತ್ರವನ್ನು ಅವರ ಹೆಂಡತಿಗೆ ತೋರಿಸಿ, "ಗಡ್ಡೆಯ ಆಕಾರ ಉಳಿದಿದೆ ಅಮ್ಮಾ, ಬೆಂಕಿ ಆರಿದೆ" ಎಂದೆ.