ಉಂಡೆ ಕಟ್ಟದ ಹಿಮ

ಬೆಳಗ್ಗೆ 6 ಗಂಟೆ. ಅಮೆರಿಕದ ಯೂಟಾದ ಲಿಟಲ್ ಕಾಟನ್‌ವುಡ್ ಕಣಿವೆ. ಇನ್ನೂ ಕತ್ತಲು. ಈ ವೀಡಿಯೊದಲ್ಲಿ ಬೀಪ್ ಬೀಪ್ ಅಂತ ಕೇಳುತ್ತಿದೆಯಲ್ಲ, ಅದು ನಮ್ಮ ಬೀಕನ್, ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಪುಟ್ಟ ಯಂತ್ರ. ಹಿಮಕುಸಿತದಲ್ಲಿ ನಾನು ಹೂತುಹೋದರೆ ನನ್ನ ಗೆಳತಿ ತನ್ನ ಬೀಕನ್‌ನಲ್ಲಿ ನನ್ನ ಸಂಕೇತ ಹಿಡಿದು ಬಂದು ಅಗೆಯಬೇಕು. ಸುಮಾರು 15 ನಿಮಿಷದೊಳಗೆ ತೆಗೆದರೆ ಬದುಕುವ ಭರವಸೆ ಇದೆ. ಆಮೇಲೆ ಅದು ಬಹಳ ಬೇಗ ಕೈಜಾರುತ್ತದೆ. ಅದಕ್ಕೇ ಎಷ್ಟೇ ಚಳಿ ಇರಲಿ, ಹೊರಡುವ ಮುಂಚೆ ಇಬ್ಬರದ್ದೂ ಪರೀಕ್ಷೆ ಮಾಡುತ್ತೇವೆ.

ಈಗ ಬೆಳಕಾಯಿತು. ಎರಡೂ ಕಡೆ ನೋಡಿ. ಬಿಸಿಲು ಬೀಳುವ ಇಳಿಜಾರಿನಲ್ಲಿ ಬರೀ ಹುಲ್ಲು, ಕಲ್ಲು. ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಮಾತ್ರ ಬೆಳ್ಳಗಿದೆ. ಮೊನ್ನೆ ಗಾಳಿಯ ಜೊತೆ ಬಿದ್ದ ಹೊಸ ಹಿಮ. ಬೇಸಿಗೆಯಿಡೀ ಕಾದಿದ್ದೇವೆ, ಕಾಲು ನಿಲ್ಲುತ್ತಿಲ್ಲ. ನವೆಂಬರ್‌ನಲ್ಲಿ ಸ್ಕೀ ಮಾಡುವಷ್ಟು ಹಿಮ ಸಿಗುವುದು ಇಂಥ ಕಡೆ ಮಾತ್ರ. ಕುಸಿಯುವ ಹಿಮ ಇರುವುದೂ ಇಲ್ಲೇ.

ಕಾರಣ ಅಡಿಯಲ್ಲಿದೆ. ಅಕ್ಟೋಬರ್‌ನಲ್ಲಿ ಒಂದಿಷ್ಟು ಹಿಮ ಬಿತ್ತು. ಬಿಸಿಲಿದ್ದ ಕಡೆ ಕರಗಿತು, ನೆರಳಲ್ಲಿ ಉಳಿಯಿತು. ಆಮೇಲೆ ವಾರಗಟ್ಟಲೆ ತಿಳಿ ಆಕಾಶ, ಕೊರೆಯುವ ರಾತ್ರಿ. ನೆಲದ ಹತ್ತಿರ ಸುಮಾರು ಸೊನ್ನೆ ಡಿಗ್ರಿ, ಮೇಲೆ ಮೈನಸ್ 15. ನಡುವೆ ಇದ್ದದ್ದು ಮೊಣಕಾಲಿನಷ್ಟೂ ಇಲ್ಲದ ಹಿಮ. ಇಷ್ಟು ತೆಳುವಾದ ಹಿಮದಲ್ಲಿ ಅಡಿಯ ಆವಿ ಜೋರಾಗಿ ಮೇಲೇರುತ್ತದೆ, ಏರುತ್ತಾ ಕಣಗಳ ರೂಪವನ್ನೇ ಬದಲಾಯಿಸುತ್ತದೆ. ಚೂಪು ಮೂಲೆಯ ದಪ್ಪ ಹರಳು, ಒಂದಕ್ಕೊಂದು ನಂಟೇ ಇಲ್ಲ. ಇಲ್ಲಿನವರು ಸಕ್ಕರೆ ಹಿಮ ಅನ್ನುತ್ತಾರೆ. ನನಗೆ ನೆನಪಾಗುವುದು ಅಮ್ಮ ರವೆ ಉಂಡೆ ಕಟ್ಟುವುದು. ಹಾಲು ಕಮ್ಮಿಯಾದರೆ ಉದುರಿಹೋಗುತ್ತಲ್ಲ, ಹಾಗೆ. ಇಗೋ, ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದೇನೆ. ಬೆರಳ ಸಂದಿಯಿಂದ ಸುರಿದೇ ಹೋಯಿತು. ಈ ರವೆಯ ಮೇಲೆ ಈಗ ಹೊಸ ಹಿಮ ಹಲಗೆಯಂತೆ ಒಂದೇ ಪದರವಾಗಿ ಕೂತಿದೆ.

ಯೂಟಾ ಅವಲಾಂಚ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ ಓದಿಯೇ ಬಂದಿದ್ದೆವು. ಆದರೂ ಅಂಚಿನಲ್ಲಿ, ಓರೆ ಕಡಿಮೆ ಇರುವ ಕಡೆ ಗುಂಡಿ ತೋಡಿ, ಹಿಮ ಎಷ್ಟು ಸುಲಭವಾಗಿ ಜಾರುತ್ತದೆ ಅಂತ ನೋಡಲು 90 ಸೆಂಟಿಮೀಟರ್ ಅಗಲದ ಹಿಮದ ಕಂಬ ಕಡಿದೆವು. ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟುವುದು. ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10. ಇದನ್ನು ಎಡಿಟ್ ಮಾಡದೆ ಹಾಕಿದ್ದೇನೆ. ಮೊಣಕೈಯಿಂದ ಎರಡನೇ ಪೆಟ್ಟು, ಅಷ್ಟೇ. ಬಿರುಕು ಈ ತುದಿಯಿಂದ ಆ ತುದಿಗೆ ಓಡಿತು. ಹಲಗೆ ಇಡಿಯಾಗಿ ಜಾರಿ ನನ್ನ ಮಡಿಲಿಗೆ ಬಂತು. ನಾವು ಇಳಿಯಬೇಕೆಂದಿದ್ದ ಇಳಿಜಾರು 36 ಡಿಗ್ರಿ. ಇಂಥ ಕುಸಿತ ಹೆಚ್ಚಾಗಿ ಆಗುವುದು 30ರಿಂದ 45ರ ನಡುವೆ.

ಹಿಮವೇ ಕಮ್ಮಿ, ಹೂತುಹೋಗುವಷ್ಟು ಎಲ್ಲಿದೆ ಅಂತ ಕೆಲವರು ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ. 2011ರ ನವೆಂಬರ್ 13ರಂದು ಇದೇ ಕಣಿವೆಯ ಸ್ನೋಬರ್ಡ್ ಸ್ಕೀ ರೆಸಾರ್ಟ್‌ನಲ್ಲಿ ಹೆಸರಾಂತ ಸ್ಕೀಗಾರ ಜೇಮೀ ಪಿಯರ್ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. 255 ಅಡಿ ಎತ್ತರದ ಬಂಡೆಯಿಂದ ಸ್ಕೀ ಕಟ್ಟಿಕೊಂಡು ಹಾರಿದ್ದವರು ಅವರು. ರೆಸಾರ್ಟ್ ಇನ್ನೂ ತೆರೆದಿರಲಿಲ್ಲ. ಹಿಮ ಅವರನ್ನು ಕಲ್ಲುಗಳ ಮೇಲೆ ಎಳೆದೊಯ್ದಿತ್ತು. ತೆಳು ಹಿಮದಲ್ಲಿ ಕೊಲ್ಲುವುದು ಕಲ್ಲು. ರೆಸಾರ್ಟಿನ ಸ್ಕೀ ಲಿಫ್ಟ್ ಓಡದ ದಿನಗಳಲ್ಲಿ, ಯಾರೋ ಸಿಡಿಮದ್ದು ಹಾಕಿ ಕುಸಿಯುವ ಹಿಮವನ್ನು ಮೊದಲೇ ಕೆಡವಿರುತ್ತಾರೆ ಅಂತ ನಂಬಿ ಹೋಗಬೇಡಿ, ದಯವಿಟ್ಟು.

ಈ ಪದರ ಡಿಸೆಂಬರ್‌ಗೆಲ್ಲ ಮಾಯವಾಗುವುದೂ ಇಲ್ಲ. 2020ರ ಚಳಿಗಾಲದ ಶುರುವಿನಲ್ಲಿ ಹುಟ್ಟಿದ ಇಂಥದ್ದೇ ಪದರ 2021ರ ಫೆಬ್ರುವರಿ 6ರಂದು ಹತ್ತಿರದ ಮಿಲ್‌ಕ್ರೀಕ್ ಕಣಿವೆಯಲ್ಲಿ ಕುಸಿಯಿತು. ನಾಲ್ವರು ಜೀವ ಕಳೆದುಕೊಂಡರು.

ವಾಪಸ್ ಬರುವಾಗ, ಸಮತಟ್ಟು ಜಾಗದಲ್ಲೇ, ಕಾಲಡಿ ಧುಪ್ ಅಂತು. ಕೇಳಿಸಿತಾ? ಇನ್ನೊಮ್ಮೆ ಹಾಕುತ್ತೇನೆ. ಅದು ರವೆಯ ಪದರ ಕುಸಿದು ಕೂತ ಸದ್ದು. ಆಮೇಲೆ ಮೇಲಿನ ಇಳಿಜಾರಿನಿಂದ ದೂರ ಸರಿದು, ಹಳೆಯ ಗಾಡಿದಾರಿ ಹಿಡಿದು, ಕಲ್ಲು ತಪ್ಪಿಸುತ್ತಾ ನಿಧಾನವಾಗಿ ಇಳಿದೆವು. ಗುಂಡಿ ತೋಡಿದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿಕೊಂಡಿದ್ದೇನೆ. ಜನವರಿಯಲ್ಲಿ ಅಲ್ಲೇ ಪಕ್ಕದಲ್ಲಿ ಮತ್ತೆ ಅಗೆಯುತ್ತೇವೆ.