ಗುಟ್ಟು ಕಾಯುವವರಿಗೇ ನಿಜ ಸಿಗುತ್ತದೆ

ನಮಸ್ಕಾರ. ಇವತ್ತು ಒಂದು ಲೆಕ್ಕ ಇಟ್ಟುಕೊಂಡು ಮಾತು ಶುರು ಮಾಡೋಣ.

ಬ್ರಿಟನ್ನಿನಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ಜನರ ಲೈಂಗಿಕ ಬದುಕಿನ ಬಗ್ಗೆ ಒಂದು ದೊಡ್ಡ ಸಮೀಕ್ಷೆ ನಡೆಯುತ್ತದೆ. ಹೆಸರು ನ್ಯಾಟ್ಸಲ್. 2010ರಿಂದ 2012ರವರೆಗೆ ನಡೆದ ಮೂರನೇ ಸುತ್ತಿನಲ್ಲಿ 15,000ಕ್ಕೂ ಜಾಸ್ತಿ ಜನ ಉತ್ತರ ಕೊಟ್ಟರು. ಗಂಡಸರಿಗೆ ಎಷ್ಟು ಜನ ಹೆಂಗಸರ ಜೊತೆ, ಹೆಂಗಸರಿಗೆ ಎಷ್ಟು ಜನ ಗಂಡಸರ ಜೊತೆ ಇಲ್ಲಿಯವರೆಗೆ ಸಂಬಂಧ ಇತ್ತು ಅನ್ನುವುದು ಒಂದು ಪ್ರಶ್ನೆ. ಗಂಡಸರ ಸರಾಸರಿ ಸುಮಾರು 14. ಹೆಂಗಸರದ್ದು ಸುಮಾರು 7.

ಗಂಡಸರೇ ಹಾಗೆ ಬಿಡಿ ಅಂತ ಮುಂದಕ್ಕೆ ಹೋಗಬಹುದು. ಆದರೆ ಸ್ವಲ್ಪ ತಡೆಯಿರಿ. ಒಬ್ಬ ಗಂಡಸು ಹೊಸದಾಗಿ ಒಬ್ಬ ಹೆಂಗಸಿನ ಜೊತೆ ಸೇರಿದರೆ ಇಬ್ಬರ ಲೆಕ್ಕಕ್ಕೂ ಒಂದೊಂದು ಸೇರಬೇಕು ತಾನೆ? ಸಮಾಜದಲ್ಲಿ ಇಬ್ಬರೂ ಹೆಚ್ಚುಕಮ್ಮಿ ಸಮ ಇದ್ದಾರೆ. ಹಾಗಿದ್ದರೆ ಸರಾಸರಿಯೂ ಹತ್ತಿರ ಹತ್ತಿರ ಬರಬೇಕು. ಎರಡು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು?

ಇದನ್ನು ಬಿಡಿಸಲು ಗ್ಲಾಸ್ಗೋ ವಿಶ್ವವಿದ್ಯಾಲಯದ ಕರ್ಸ್ಟಿನ್ ಮಿಚೆಲ್ ಮತ್ತು ಜೊತೆಗಾರರು ಅದೇ ಉತ್ತರಗಳನ್ನು ಮತ್ತೆ ಜಾಲಾಡಿದರು. 2018ರಲ್ಲಿ ಫಲಿತಾಂಶ ಬಂತು. ಕೆಲವೇ ಕೆಲವು ಗಂಡಸರು ಬಹಳ ದೊಡ್ಡ ಸಂಖ್ಯೆ ಹೇಳಿದ್ದರು. ಹೆಂಗಸರು ಒಬ್ಬೊಬ್ಬರನ್ನೇ ನೆನೆದು ಎಣಿಸುವುದು ಜಾಸ್ತಿ, ಗಂಡಸರು ಅಂದಾಜಿನ ಮೇಲೆ ಹೇಳುವುದು ಜಾಸ್ತಿ. ಜೊತೆಗೆ, ಯಾವುದು ಸರಿ ಯಾವುದು ತಪ್ಪು ಅನ್ನುವ ಅವರವರ ನಂಬಿಕೆಯೂ ಉತ್ತರವನ್ನು ಎಳೆದಾಡಿತ್ತು. ಇವೆಲ್ಲವನ್ನೂ ಲೆಕ್ಕಕ್ಕೆ ತಗೊಂಡ ಮೇಲೆ ಆ ಅಂತರ 7ರಿಂದ 2.6ಕ್ಕೆ ಇಳಿಯಿತು.

ಇದಕ್ಕಿಂತ ಹಳೆಯ ಒಂದು ಪ್ರಯೋಗ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. 2003ರದ್ದು, ಅಮೆರಿಕದ ಕಾಲೇಜು ಹುಡುಗ ಹುಡುಗಿಯರ ಮೇಲೆ ಮಾಡಿದ್ದು. ಒಂದು ಗುಂಪಿಗೆ, ನೀವು ಬರೆದ ಉತ್ತರ ಇನ್ನೊಬ್ಬರ ಕಣ್ಣಿಗೆ ಬೀಳಬಹುದು ಅನ್ನುವ ಅಳುಕು ಹುಟ್ಟುವ ಹಾಗೆ ಮಾಡಿದರು. ಇನ್ನೊಂದು ಗುಂಪಿಗೆ ಸುಳ್ಳು ಪತ್ತೆ ಯಂತ್ರದ ತಂತಿ ಕಟ್ಟಿದರು. ಆ ಯಂತ್ರ ಕೆಲಸವನ್ನೇ ಮಾಡುತ್ತಿರಲಿಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ಅಳುಕಿದ ಗುಂಪಿನ ಹುಡುಗಿಯರು ಹೇಳಿದ ಸಂಗಾತಿಗಳ ಸರಾಸರಿ 2.6. ತಂತಿ ಕಟ್ಟಿಸಿಕೊಂಡ ಹುಡುಗಿಯರದ್ದು 4.4. ಹುಡುಗರ ಸಂಖ್ಯೆ ಅಷ್ಟೇನೂ ಬದಲಾಗಲಿಲ್ಲ. ಚಿಕ್ಕ ಪ್ರಯೋಗ, ನಿಜ. ಆದರೆ ಯಾರು ನೋಡುತ್ತಾರೋ, ಏನು ಅಂದುಕೊಳ್ಳುತ್ತಾರೋ ಅನ್ನುವ ಹೆದರಿಕೆಯನ್ನು ಯಾರ ತಲೆ ಮೇಲೆ ಹೇರಿದ್ದೇವೆ ಅನ್ನುವುದು ಆ ಎರಡು ಅಂಕಿಗಳಲ್ಲೇ ಕಾಣುತ್ತದೆ.

ಅದಕ್ಕೇ ನಾನು ಹೇಳುವುದು, ಲೈಂಗಿಕತೆಯ ಸಂಶೋಧನೆಯಲ್ಲಿ ಕಷ್ಟದ ಕೆಲಸ ಇರುವುದು ಕೇಳುವುದರಲ್ಲಿ. ಗುಟ್ಟು ಗುಟ್ಟಾಗೇ ಉಳಿಯುತ್ತದೆ ಅನ್ನುವ ನಂಬಿಕೆ ಬರದೆ ಯಾರೂ ಬಾಯಿ ಬಿಡುವುದಿಲ್ಲ.

ನ್ಯಾಟ್ಸಲ್‌ನವರು ಹೇಗೆ ಕೇಳಿದರು ನೋಡಿ. ಮುಖಾಮುಖಿ ಕೂತಾಗಲೂ ಕೆಲವು ಪ್ರಶ್ನೆಗಳಿಗೆ ಒಂದು ಕಾರ್ಡ್ ಕೊಡುತ್ತಾರೆ. ಉತ್ತರಗಳ ಪಕ್ಕ ಒಂದೊಂದು ಅಕ್ಷರ. ನೀವು ಬರೀ ಆ ಅಕ್ಷರ ಹೇಳಿದರೆ ಸಾಕು. ಪಕ್ಕದ ಕೋಣೆಯಲ್ಲಿ ಇರುವವರಿಗೆ ಕೇಳಿಸಿದರೂ ಏನೂ ಅರ್ಥವಾಗುವುದಿಲ್ಲ. ಸೂಕ್ಷ್ಮ ಪ್ರಶ್ನೆಗಳು ಬಂದಾಗ ಲ್ಯಾಪ್‌ಟಾಪನ್ನು ನಿಮ್ಮ ಕಡೆ ತಿರುಗಿಸುತ್ತಾರೆ. ನೀವೇ ಓದಿ, ನೀವೇ ಒತ್ತಬೇಕು. ಕೊನೆಯಲ್ಲಿ ಆ ಭಾಗ ಲಾಕ್ ಆಗುತ್ತದೆ. ಪ್ರಶ್ನೆ ತಂದವರೂ ಅದನ್ನು ತೆರೆದು ನೋಡುವ ಹಾಗಿಲ್ಲ. ಇದೇ ಅಲ್ವಾ ಮರ್ಯಾದೆ ಕೊಡುವುದು ಅಂದರೆ?

ಈ ಸಮೀಕ್ಷೆ ಹುಟ್ಟುವುದಕ್ಕೆ ಮೊದಲೇ ಸಾಯಬೇಕಿತ್ತು. 1989ರಲ್ಲಿ ಬ್ರಿಟನ್ ಸರ್ಕಾರ ದುಡ್ಡು ಕೊಡುವುದಿಲ್ಲ ಅಂದಿತು. ಎಚ್‌ಐವಿ ಹರಡುತ್ತಿದ್ದ ಕಾಲ ಅದು. ಯಾರಿಗೆ ಎಷ್ಟು ಅಪಾಯ ಅಂತ ಅಂದಾಜು ಹಾಕಲು ಇದೇ ಮಾಹಿತಿ ಬೇಕಿತ್ತು. ವೆಲ್‌ಕಮ್ ಟ್ರಸ್ಟ್ ಅನ್ನುವ ದತ್ತಿ ಸಂಸ್ಥೆ ಮುಂದೆ ಬಂದು ಖರ್ಚು ಹೊತ್ತಿದ್ದರಿಂದ ಸುಮಾರು 19,000 ಜನರನ್ನು ಮಾತಾಡಿಸಲು ಆಯಿತು. ಅಮೆರಿಕದಲ್ಲೂ ಹೀಗೇ. 20,000 ಜನರನ್ನು ಕೇಳಬೇಕು ಅಂತ ಹೊರಟ ಯೋಜನೆಗೆ ರಾಜಕಾರಣಿಗಳು ಅಡ್ಡಗಾಲು ಹಾಕಿದರು. 1992ರಲ್ಲಿ ಖಾಸಗಿ ದುಡ್ಡಿನಲ್ಲಿ ಕೇಳಲು ಆದದ್ದು 3,432 ಜನರನ್ನು ಮಾತ್ರ. ಜನ ಸಾಯುತ್ತಿರುವಾಗ, "ಇದೆಲ್ಲ ಕೇಳುವ ವಿಷಯವೇ" ಅಂತ ಮೂಗು ಮುರಿದದ್ದನ್ನು ನಾನು ಕ್ಷಮಿಸಲಾರೆ.

ಹಾಗಂತ ಧೈರ್ಯ ಒಂದಿದ್ದರೆ ಸಾಲದು. ಅಮೆರಿಕದ ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸೆ 1940ರ ದಶಕದಲ್ಲೇ ಸಾವಿರಾರು ಜನರನ್ನು ಕೂರಿಸಿಕೊಂಡು ಕೇಳಿದರು. "ಮಾಡಿದ್ದೀರಾ" ಅಂತ ಕೇಳುತ್ತಿರಲಿಲ್ಲ, "ಮೊದಲ ಸಲ ಯಾವಾಗ" ಅಂತಲೇ ಕೇಳುತ್ತಿದ್ದರು. ಉತ್ತರವನ್ನು ಸಂಕೇತಗಳಲ್ಲಿ ಬರೆದುಕೊಳ್ಳುತ್ತಿದ್ದರು. ಕೇಳುವ ಕಲೆ ಅವರಿಗೆ ಒಲಿದಿತ್ತು. ಆದರೆ ಯಾರನ್ನು ಕೇಳಬೇಕು ಅಂತ ಆರಿಸುವುದರಲ್ಲಿ ಎಡವಿದರು. ಜೈಲಿನಲ್ಲಿದ್ದವರು, ತಾವಾಗಿ ಬಂದವರು ಜಾಸ್ತಿಯಾದರು. ಹಾಗಾಗಿ ಅವರ ಅಂಕಿಗಳನ್ನು ಇಡೀ ದೇಶಕ್ಕೆ ಹೊಂದಿಸಲು ಆಗುವುದಿಲ್ಲ. ಇವತ್ತು ವೆಬ್‌ಸೈಟುಗಳು ಸುಮ್ನೆ ಒಂದು ಫಾರ್ಮ್ ಹರಿಬಿಟ್ಟು "ಇಷ್ಟು ಶೇಕಡಾ ಜನ ಹೀಗೆ" ಅನ್ನುತ್ತವಲ್ಲ, ಅಲ್ಲೂ ಇದೇ ದೋಷ.

ಪ್ರಶ್ನೆಯ ಮಾತೇ ತೊಡಕಾದರೂ ಕೆಡುತ್ತದೆ. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿ ಮೊದಲ ಬಾರಿಗೆ ಕೇಳಿತು: ನೀವು ಗುರುತಿಸಿಕೊಳ್ಳುವ ಲಿಂಗ, ಹುಟ್ಟಿದಾಗ ನೋಂದಾಯಿಸಿದ ಲಿಂಗ ಎರಡೂ ಒಂದೇನಾ? ಸುಮಾರು 2,62,000 ಜನ ಇಲ್ಲ ಅಂದರು. ಆಮೇಲೆ ನೋಡಿದರೆ ಇಂಗ್ಲಿಷ್ ಅಷ್ಟಾಗಿ ಬಾರದವರಲ್ಲಿ ಈ "ಇಲ್ಲ" ಜಾಸ್ತಿ. ಕೆಲವರಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ ಅನ್ನುವ ಅನುಮಾನ ಬಲವಾಯಿತು. 2024ರಲ್ಲಿ ಆ ಅಂಕಿಗಳ ಅಧಿಕೃತ ಮಾನ್ಯತೆ ಹೋಯಿತು.

ಇದನ್ನು ಹಿಡಿದುಕೊಂಡು ಈ ಪ್ರಶ್ನೆಯೇ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟ್ರಾನ್ಸ್ ಜನರಿಗೆ, ಅಂದರೆ ಹುಟ್ಟಿದಾಗ ಬರೆಸಿದ ಲಿಂಗಕ್ಕಿಂತ ಬೇರೆಯಾಗಿ ಗುರುತಿಸಿಕೊಳ್ಳುವವರಿಗೆ, ಎಷ್ಟು ವೈದ್ಯರು ಬೇಕು, ಎಷ್ಟು ಕ್ಲಿನಿಕ್ ಬೇಕು ಅಂತ ತಿಳಿಯಲು ಎಣಿಸಲೇಬೇಕು. ಅದೇ 2021ರಲ್ಲಿ ಕೆನಡಾ ಎರಡು ಸರಳ ಪ್ರಶ್ನೆ ಕೇಳಿತು. ಹುಟ್ಟಿದಾಗ ನಿಮ್ಮ ಲಿಂಗ ಯಾವುದು? ಈಗ ಯಾವುದು? 15 ವರ್ಷ ಮೇಲ್ಪಟ್ಟವರಲ್ಲಿ 1,00,815 ಜನ ತಾವು ಟ್ರಾನ್ಸ್ ಅಥವಾ ನಾನ್-ಬೈನರಿ (ಬರೀ ಗಂಡು ಅಥವಾ ಬರೀ ಹೆಣ್ಣು ಅಂತ ಗುರುತಿಸಿಕೊಳ್ಳದವರು) ಅಂತ ಲೆಕ್ಕಕ್ಕೆ ಬಂದರು. ಮುಂದಿನ ಸಲ ಇಂಗ್ಲೆಂಡ್ ಕೂಡ ಹೀಗೆ ಬಿಡಿಬಿಡಿಯಾಗಿ ಕೇಳಲಿ.