ಮರೂನ್ ಟೋಪಿ ಆಮೇಲೆ, ಮೊದ್ಲು ಕಾಲು ತೋರ್ಸು

ನಮಸ್ಕಾರ ಕೇಳುಗರೇ. ನಾನು ಮಿಲ್ಟ್ರಿಲಿ 17 ವರ್ಷ ಸಿಗ್ನಲ್ಸ್‌ನಲ್ಲಿ, ಅಂದ್ರೆ ವೈರ್‌ಲೆಸ್ಸು ಸಂಪರ್ಕ ನೋಡ್ಕೊಳ್ಳೋ ವಿಭಾಗದಲ್ಲಿದ್ದು ಹವಾಲ್ದಾರ್ ಆಗಿ ಪೆನ್ಷನ್ ಬಂದೋನು, ಈಗ ಸಕಲೇಶಪುರದ ಕಡೆ ಒಂದಿಷ್ಟು ಕಾಫಿ ಮೆಣಸು ನೋಡ್ಕೊಂಡಿದೀನಿ. ಮೈಕ್ ಮುಂದೆ ಕೂತು ಅಭ್ಯಾಸ ಇಲ್ಲ, ಎಲ್ಲಾದ್ರೂ ತಡವರಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮಕ್ಕನ ಮಗ ಒಬ್ಬ ಇದಾನೆ, 17 ವರ್ಷ, ಸೆಕೆಂಡ್ ಪಿಯುಸಿ. ಹೋದ್ ಮಳೆಗಾಲದಲ್ಲಿ ಒಂದಿನ ರಾತ್ರಿ ಊಟ ಮುಗ್ಸಿ ಕೈ ತೊಳೀತಾ ತೊಳೀತಾ, ಮಾವ ನಾನು ಪ್ಯಾರಾ ಕಮಾಂಡೋ ಆಗ್ತೀನಿ ಅಂದ. ಪ್ಯಾರಾಶೂಟಲ್ಲಿ ಇಳಿದು ಶತ್ರು ಸಾಲಿನ ಹಿಂದೆ ನುಗ್ಗೋ ಪಡೆ ಅದು. ಫೋನ್ ತೆಗ್ದು ತೋರ್ಸಿದ, ರೀಲ್ಸ್ ಮೇಲೆ ರೀಲ್ಸ್, ಮುಖಕ್ಕೆ ಕಪ್ಪು ಹಸಿರು ಬಳ್ಕೊಂಡೋರು, ಮರೂನ್ ಟೋಪಿ, ಎದೆ ಮೇಲೆ ಆ ಪಡೆಯ ಬಲಿದಾನ್ ಬ್ಯಾಡ್ಜು, ಹಿಂದೆ ಢಂ ಢಂ ಅಂತ ಮ್ಯೂಸಿಕ್ಕು. ನಾನು ಎಲ್ಲಾ ನೋಡಿ, ಸರಿ, ಕಾಲು ತೋರ್ಸು ಅಂದೆ. ಅವ್ನು ಗಲಿಬಿಲಿ ಆದ. ಬಚ್ಚಲಲ್ಲಿ ಪಾದ ನೆನೆಸ್ಕೊಂಡು ಬಂದು ಒಣ ಸಿಮೆಂಟ್ ನೆಲದ ಮೇಲೆ ನಿಲ್ಲು ಅಂದೆ. ಹೆಜ್ಜೆ ಗುರುತಲ್ಲಿ ಮಧ್ಯ ಒಳಗಡೆ ಖಾಲಿ ಬಿಟ್ಟು ಕಮಾನು ತರ ಬಂದ್ರೆ ಸರಿ, ಇಡೀ ಪಾದ ಅಚ್ಚು ಒತ್ತಿದಂಗೆ ಬಂದ್ರೆ ಚಪ್ಪಟೆ ಪಾದ ಅಂತ ಅನುಮಾನ, ಅಂಥೋರನ್ನ ಮೆಡಿಕಲ್‌ನಲ್ಲಿ ತೆಗ್ದು ಹಾಕ್ಬೋದು. ಆಮೇಲೆ ಅಟೆನ್ಷನ್‌ನಲ್ಲಿ ನಿಲ್ಸಿ ಎರಡು ಮಂಡಿ ಒಂದಕ್ಕೊಂದು ತಾಗುತ್ತಾ ನೋಡ್ದೆ. ಹಲ್ಲು ನೋಡ್ದೆ, ಕಿವೀಲಿ ಗುಗ್ಗೆ ಇತ್ತು, ಡಾಕ್ಟ್ರ ಹತ್ರ ಹೋಗಿ ತೆಗೆಸ್ಕೊಂಡು ಬಾ ಅಂದೆ. ಅಕ್ಕ ಅಡುಗೆಮನೆಯಿಂದ, ಇದೇನೋ ದನದ ಜಾತ್ರೇಲಿ ಹೋರಿ ನೋಡ್ದಂಗೆ ನೋಡ್ತಿದೀಯ ಅಂತ ಬೈದ್ಲು. ಮಿಲ್ಟ್ರಿ ಭರ್ತೀಲಿ ನೋಡೋದೇ ಹಂಗೆ ಕಣಕ್ಕ ಅಂದೆ.

ಈ ರೀಲ್ಸ್ ನೋಡೋ ಹುಡುಗ್ರಿಗೆ ಮೊದ್ಲು ಹೇಳ್ಬೇಕಾಗಿರೋದು, ಕಮಾಂಡೋ ಅಂತ ಅರ್ಜಿ ಹಾಕೋ ಜಾಗನೇ ಇಲ್ಲ. ಜವಾನಾಗಿ ಸೇರೋರಿಗೆ 2022ರಿಂದ ಹೆಚ್ಚೂಕಮ್ಮಿ ಅಗ್ನಿಪಥ್ ಒಂದೇ ದಾರಿ, ಅಂದ್ರೆ ನಾಕು ವರ್ಷದ ಭರ್ತಿ, ವಯಸ್ಸು 17 ವರೆಯಿಂದ ಶುರು, 18 ತುಂಬ್ದೆ ಇದ್ರೆ ಅಪ್ಪ ಅಮ್ಮನ ಸಹಿ ಬೇಕು. ಜನರಲ್ ಡ್ಯೂಟಿಗೆ, ಅಂದ್ರೆ ಸಾಮಾನ್ಯ ಸಿಪಾಯಿ ಕೆಲ್ಸಕ್ಕೆ, ಎಸ್ಸೆಸ್ಸೆಲ್ಸಿ ಪಾಸು, ಒಟ್ಟು 45 ಪರ್ಸೆಂಟು. ನಮ್ ಕರ್ನಾಟಕದೋರಿಗೆ ಎತ್ತರ 166 ಸೆಂಟಿಮೀಟರ್, ಎದೆ 77, ಉಸಿರು ತುಂಬಿದ್ರೆ ಇನ್ನೂ 5 ಉಬ್ಬಬೇಕು. ನಮ್ ಕಾಲದಲ್ಲಿ ಮೊದ್ಲು ಓಡಿಸ್ತಿದ್ರು ಆಮೇಲೆ ಬರೆಸ್ತಿದ್ರು, 2023ರಿಂದ ತಿರುಗಾಮುರುಗ ಆಗಿದೆ, ಮೊದ್ಲು ಕಂಪ್ಯೂಟರ್ ಮುಂದೆ ಪರೀಕ್ಷೆ, ಅದ್ರಲ್ಲಿ ಪಾಸಾದ್ರೆ ಮಾತ್ರ ರ್‍ಯಾಲಿಗೆ ಕರೆ. ಒಂದು ಗಂಟೆ, 50 ಪ್ರಶ್ನೆ, ತಪ್ಪು ಬರೆದ್ರೆ ಮಾರ್ಕ್ಸ್ ಕಡಿತ. ಈಗ ಕನ್ನಡದಲ್ಲೂ ಬರೀಬೋದು, ಅದೊಂದು ಒಳ್ಳೇದಾಗಿದೆ. ನಮ್ಮುಡ್ಗ ಬೆಟ್ಟ ಹತ್ತು ಅಂದ್ರೆ ಹತ್ತುತ್ತಾನೆ, ಶೇಕಡಾ ಲೆಕ್ಕ ಮಾಡು ಅಂದ್ರೆ ಸೀಲಿಂಗ್ ನೋಡ್ತಾನೆ. ಹಂಗಾಗಿ ದಿನಾ ಸಂಜೆ ಲೆಕ್ಕ, ಅದನ್ನ ಅವ್ನು ಯಾವ ರೀಲ್ಸ್‌ನಲ್ಲೂ ನೋಡಿರ್ಲಿಲ್ಲ ಪಾಪ.

ಇನ್ನು ಓಟ. 1.6 ಕಿಲೋಮೀಟರು, ಅಂದ್ರೆ 400 ಮೀಟರ್ ಟ್ರ್ಯಾಕಲ್ಲಿ ನಾಕು ಸುತ್ತು. 5 ನಿಮಿಷ 30 ಸೆಕೆಂಡ್ ಒಳಗೆ ಬಂದ್ರೆ 60 ಮಾರ್ಕ್ಸು, 31ನೇ ಸೆಕೆಂಡಿಗೆ ಬಂದ್ಯೋ, 48ಕ್ಕೆ ಇಳೀತು. ಒಂದು ಸೆಕೆಂಡಿಗೆ 12 ಮಾರ್ಕ್ಸ್ ಹೋಗುತ್ತೆ ಕಣೋ ಅಂತ ನಾನು ಹೇಳ್ದಾಗ ಅವ್ನು ನಂಬ್ಲಿಲ್ಲ. ಬೀಮ್‌ಗೆ ಇನ್ನು 40, ಬೀಮ್ ಅಂದ್ರೆ ಕಂಬಿಗೆ ಜೋತುಬಿದ್ದು ಗದ್ದ ಮೇಲಕ್ಕೆ ತರೋದು, 10 ಹೊಡೆದ್ರೆ ಪೂರ್ತಿ 40, ಆರು ಹೊಡೆದ್ರೆ 16 ಅಷ್ಟೆ. ಮನೆ ಹಿಂದೆ ಎರಡು ಸಿಲ್ವರ್ ಓಕ್ ಮರದ ಮಧ್ಯ ಜಿಐ ಪೈಪ್ ಕಟ್ಕೊಟ್ಟಿದೀನಿ. ಮೊದಲನೇ ದಿನ ಎರಡು ಹೊಡ್ದ, ಮೂರನೇದಕ್ಕೆ ಬಾವಲಿ ತರ ನೇತಾಡ್ತಿದ್ದ.

ಹುಡುಗ್ರು ಮಾಡೋ ದೊಡ್ಡ ತಪ್ಪು ಏನಂದ್ರೆ ಮೊದಲ್ನೇ ದಿನಾನೇ ಟಾರ್ ರೋಡ್ ಮೇಲೆ ದಬದಬ ಅಂತ ಓಡ್ತಾರೆ, ಅದೂ ತಳ ಸವೆದಿರೋ ಶೂ ಹಾಕ್ಕೊಂಡು, ಹದಿನೈದು ದಿನಕ್ಕೆ ಮೊಣಕಾಲ ಕೆಳಗಿನ ಮೂಳೆ ಹಿಡ್ಕೊಂಡು ಕೂತ್ಕೋತಾರೆ. ನಮ್ಮೋನೂ ಅದೇ ಮಾಡಿದ್ದ, ಮೂರು ವಾರ ಓಟ ಬಂದ್ ಮಾಡ್ಸಿ ಬರೀ ನಡ್ಸಿದೆ. ಈಗ ಎಸ್ಟೇಟ್ ಮಣ್ಣಿನ ದಾರೀಲಿ ಓಡ್ತಾನೆ, ಜಿಗಣೆ ಕಚ್ಚುತ್ತೆ ಅಂತ ಗೋಳು, ಕಚ್ಲಿ ಬಿಡು ಅಂತೀನಿ. ಅವ್ನ ಫ್ರೆಂಡ್ಸ್ ಯಾರೋ ಡಬ್ಬಿ ಪೌಡರ್ ತಗೋ ಅಂದ್ರಂತೆ, ಅದೆಲ್ಲ ಏನೂ ಬೇಡ, ರಾಗಿಮುದ್ದೆ ಇದೆ, ಹುರುಳಿ ಇದೆ, ಮೊಟ್ಟೆ ಇದೆ, ರಾತ್ರಿ ಹತ್ತು ಗಂಟೆಗೆ ಫೋನ್ ನನ್ ಕೈಗೆ ಕೊಟ್ಟು ಮಲಗಿದ್ರೆ ಸಾಕು ಅಂದೆ. ಫೋನ್ ಕೊಡೋದೇ ಅವ್ನಿಗೆ ಬೀಮ್‌ಗಿಂತ ಕಷ್ಟ ಆಯ್ತು.

ಸರಿ, ಇಷ್ಟೆಲ್ಲಾ ಆಗಿ ಭರ್ತಿ ಆದ ಅಂತಾನೇ ಇಟ್ಕೊಳ್ಳಿ. ಪ್ಯಾರಾಶೂಟ್ ರೆಜಿಮೆಂಟಿನ ಟ್ರೇನಿಂಗ್ ಸೆಂಟರ್ ಎಲ್ಲೋ ದಿಲ್ಲೀಲಿಲ್ಲ, ನಮ್ ಬೆಂಗಳೂರಲ್ಲೇ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಪ್ಯಾರಾಶೂಟ್ ಕಟ್ಕೊಂಡು ವಿಮಾನದಿಂದ ಹಾರೋದು ಕಲಿಸೋದು ಆಗ್ರಾದಲ್ಲಿ, ಐದು ಸಲ ಹಾರ್ಬೇಕು, ಅದ್ರಲ್ಲಿ ಒಂದು ರಾತ್ರಿ ಹೊತ್ತು. ಬೆಳಗಾವೀಲಿ ಕಮಾಂಡೋ ವಿಂಗ್ ಇದೆ, ಕಾಲಾಳು ಪಡೆಯ ಘಾತಕ್ ಪ್ಲಟೂನಿನೋರು ಅಲ್ಲಿ ಕಲಿಯೋದು, ಅದು ಬೇರೆ, ಪ್ಯಾರಾ ಎಸ್‌ಎಫ್, ಅಂದ್ರೆ ಸ್ಪೆಷಲ್ ಫೋರ್ಸಸ್, ನಮ್ಮುಡ್ಗ ಹೇಳೋ ಪ್ಯಾರಾ ಕಮಾಂಡೋ, ಅದು ಬೇರೆ, ಹುಡುಗ್ರು ಎಲ್ಲಾನೂ ಸೇರಿಸಿ ಕಮಾಂಡೋ ಅಂತಾರೆ. 2008ರ ಮುಂಬೈ ದಾಳೀಲಿ ಹೊಟೇಲ್ ತಾಜ್‌ನಲ್ಲಿ ತೀರ್ಕೊಂಡ್ರಲ್ಲ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್, ಅವ್ರು ಮೂಲದಲ್ಲಿ ಬಿಹಾರ್ ರೆಜಿಮೆಂಟಿನೋರು, ಅಲ್ಲಿಂದ ಎನ್‌ಎಸ್‌ಜಿಗೆ, ಅಂದ್ರೆ ಭಯೋತ್ಪಾದಕರ ವಿರುದ್ಧ ಇರೋ ಪಡೆಗೆ ಹೋಗಿದ್ದು, ಅದೂ ಬೇರೆ.

ಈ ಪ್ಯಾರಾ ಕಮಾಂಡೋ ಶುರುವಾಗಿದ್ದೇ ಒಬ್ಬ ಮನುಷ್ಯನ ಹಟದಿಂದ. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಅನ್ನೋರು ಬೇರೆ ಬೇರೆ ರೆಜಿಮೆಂಟಿಂದ ವಾಲಂಟಿಯರ್‌ಗಳನ್ನ ಆರಿಸ್ಕೊಂಡು ಶತ್ರು ಸಾಲಿನ ಹಿಂದೆ ನುಗ್ಗಿ ಬಂದ್ರು, ಮೇಘದೂತ್ ಫೋರ್ಸ್ ಅಂತ ಹೆಸ್ರು, ಮಾರನೇ ವರ್ಷ ಅದ್ರಿಂದಾನೇ 9 ಪ್ಯಾರಾ ಕಮಾಂಡೋ ಅನ್ನೋ ಬೆಟಾಲಿಯನ್ ಆಯ್ತು. ಮುಂದೆ 1996ರಲ್ಲಿ 21 ಮರಾಠಾ ಲೈಟ್ ಇನ್‌ಫೆಂಟ್ರಿನ 21 ಪ್ಯಾರಾ ಮಾಡಿದ್ರು, ಆ ಮರಾಠಾ ರೆಜಿಮೆಂಟಿನ ಸೆಂಟರ್ರೂ ನಮ್ ಬೆಳಗಾವೀಲೇ ಇರೋದು. ಅವತ್ತಿಂದ ಇವತ್ತಿನವರೆಗೂ ಒಂದು ಬದಲಾಗಿಲ್ಲ, ಅಲ್ಲಿರೋರೆಲ್ಲ ತಾವಾಗೇ ಕೈ ಎತ್ತಿ ಹೋದೋರು.

ಕೈ ಎತ್ತಿ ಹೋದೋರು ತಾವಾಗೇ ಕೈ ಇಳಿಸ್ಬೋದು, ಇದನ್ನ ಯಾರೂ ಹೇಳಲ್ಲ. ಎಸ್‌ಎಫ್‌ಗೆ 90 ದಿನ ಪ್ರೊಬೇಷನ್, ಬೆನ್ನ ಮೇಲೆ ಪಿಟ್ಟು, ಅಂದ್ರೆ ಭಾರದ ಚೀಲ, ನಿದ್ದೆ ಇಲ್ಲ, ಊಟ ಯಾವಾಗ ಅಂತ ಗೊತ್ತಿಲ್ಲ, ನಡಿಗೆ ಎಷ್ಟು ದೂರ ಅಂತ ಗೊತ್ತಿಲ್ಲ. ಯಾವ ನಿಮಿಷ ಬೇಕಾದ್ರೂ ಸಾಕು ಅನ್ಬೋದು, ಯಾರೂ ತಡೆಯಲ್ಲ. ಅಂದ ತಕ್ಷಣ ಆರ್‌ಟಿಯು, ಅಂದ್ರೆ ನಿನ್ನ ಹಳೇ ಯೂನಿಟ್‌ಗೆ ವಾಪಸ್.

ನಾನೂ ಹೋಗಿದ್ದೆ. 1994ರಲ್ಲಿ, ಪ್ಯಾರಾಗೆ ವಾಲಂಟಿಯರ್ ಆಗಿ. 17 ದಿನ ಇದ್ದೆ. ಊರಲ್ಲಿ ಇದನ್ನ ಯಾರಿಗೂ ಹೇಳಿರ್ಲಿಲ್ಲ, ನಮ್ಮಕ್ಕನಿಗೂ ಗೊತ್ತಿಲ್ಲ, ಈಗ ರೇಡಿಯೋ ಕೇಳ್ತಿದ್ರೆ ಗೊತ್ತಾಗಿರುತ್ತೆ.

ಆ ಹುಡ್ಗ ಒಂದಿನ ಶೂ ಲೇಸ್ ಬಿಚ್ಚುತ್ತಾ ಕೇಳೇಬಿಟ್ಟ, ಮಾವ, ನಿಮ್ ಹಳೇ ಪೆಟ್ಟಿಗೇಲಿ ಒಂದು ಕಾಗದ ನೋಡ್ದೆ, ನೀವ್ಯಾಕೆ ವಾಪಸ್ ಬಂದ್ರಿ ಅಂತ. ಸುಳ್ಳು ಹೇಳ್ಬೋದಿತ್ತು, ಕಾಲು ಮುರೀತು ಅಂತ. ಚಾ ಕುಡಿಯೋಕೆ ಬಂದೆ ಅಂದೆ. ನಿಜ ಅದೇ. ರಾತ್ರಿ ಎರಡೋ ಮೂರೋ ಗಂಟೆ, ಮಳೆ, ಹಿಮ್ಮಡಿ ಚರ್ಮ ಸುಲಿದು ಸಾಕ್ಸಿಗೆ ಅಂಟ್ಕೊಂಡಿತ್ತು. ರೋಡ್ ಪಕ್ಕ ಗಾಡಿ ನಿಂತಿತ್ತು, ಅದ್ರಲ್ಲಿ ಉಸ್ತಾದ್, ಅಂದ್ರೆ ನಮಗೆ ಟ್ರೇನಿಂಗ್ ಕೊಡೋರು, ಒಬ್ರು ಲೋಟ ಹಿಡ್ಕೊಂಡು ಕೂತಿದ್ರು. ಹದಿನೇಳು ದಿನ ನಮ್ಮ ಮೇಲೆ ಕಿರುಚಾಡಿದ ಮನುಷ್ಯ ಅವತ್ತು ನಮ್ಮಪ್ಪನ ತರ ಮೆತ್ತಗೆ, ಸುಸ್ತಾಗಿದೀಯ ಮಗಾ, ಬಾ ಚಾ ಕುಡಿ ಅಂದ್ರು. ಕಿರುಚಿದ್ರೆ ನಡೀತಿದ್ದೆನೇನೋ. ಹತ್ತಿ ಕೂತೆ. ಸಕ್ಕರೆ ಜಾಸ್ತಿ ಇತ್ತು, ಇವತ್ತಿಗೂ ನಾಲಿಗೆ ಮೇಲಿದೆ. ಅರ್ಧ ಲೋಟ ಕುಡಿಯೋ ಹೊತ್ತಿಗೆ ನನ್ನ ಹೆಸರಿಗೆ ಗೀಟು ಎಳೆದಾಗಿತ್ತು. ಆಮೇಲೆ ಸಿಗ್ನಲ್ಸ್‌ನಲ್ಲಿ ಚೆನ್ನಾಗೇ ಕೆಲ್ಸ ಮಾಡಿದೀನಿ, ಯಾರೂ ಒಂದು ಮಾತು ಅಂದಿಲ್ಲ, ವಾಪಸ್ ಬಂದೋರೇ ಜಾಸ್ತಿ ಇರ್ತಾರೆ ಅಲ್ಲಿ.

ನಮ್ಮಕ್ಕನಿಗೆ ಭಯ ಗುಂಡಿಂದಲ್ಲ, ನಾಕು ವರ್ಷದ್ದು. ನಾಕು ವರ್ಷ ಆದ್ಮೇಲೆ 100ಕ್ಕೆ 25 ಜನಾನ ಮಾತ್ರ ಉಳಿಸ್ಕೋತಾರೆ, ಮಿಕ್ಕೋರಿಗೆ ಪೆನ್ಷನ್ ಇಲ್ಲ, ಸೇವಾನಿಧಿ ಅಂತ ಹನ್ನೊಂದು ಲಕ್ಷದ ಮೇಲೆ ದುಡ್ಡು ಬರುತ್ತೆ, ಕೇಂದ್ರ ಪೊಲೀಸ್ ಪಡೆಗಳಲ್ಲಿ 10 ಪರ್ಸೆಂಟ್ ಮೀಸಲಾತಿ ಅಂತ 2022ರಲ್ಲಿ ಹೇಳಿದ್ರು. ನಾನು 17 ವರ್ಷ ಮಾಡಿ ಪೆನ್ಷನ್ ತಗೋತಿರೋನು, ಅವ್ಳಿಗೆ ಏನಂತ ಸಮಾಧಾನ ಹೇಳ್ಲಿ. ಸೆಕೆಂಡ್ ಪಿಯುಸಿ ಮುಗಿಸ್ದೆ ಹೋಗೋ ಹಂಗಿಲ್ಲ ಅಂತ ಅವ್ಳು ಷರತ್ತು ಹಾಕಿದಾಳೆ, ನಾನು ಅವ್ಳ ಕಡೆ.

ಮೊನ್ನೆ ಬೆಳಗ್ಗೆ ಜೋರು ಮಳೆ. ಅವ್ನು ಓಡ್ತಿದ್ದ, ನಾನು ಛತ್ರಿ ಹಿಡ್ಕೊಂಡು ಫೋನಲ್ಲಿ ಟೈಮ್ ನೋಡ್ತಿದ್ದೆ, ಪಕ್ಕದಲ್ಲಿ ಫ್ಲಾಸ್ಕು. ಮೂರನೇ ಸುತ್ತಲ್ಲಿ ಹತ್ರ ಬಂದಾಗ ಮೆತ್ತಗೆ, ಸುಸ್ತಾಗಿದೀಯ, ಬಾ ಮಗಾ ಚಾ ಕುಡಿ ಅಂದೆ. ಸೀದಾ ಬಂದ. ಎರಡು ಲೋಟ ಕುಡ್ದ. ಬಾಯಿ ಒರೆಸ್ಕೊಂಡು, ಕಾಫಿ ತೋಟ ಇಟ್ಕೊಂಡು ಚಾ ಯಾಕ್ ತರ್ತೀರ ಮಾವ ಅಂದ್ಬಿಟ್ಟು ಮೊದಲ್ನೇ ಸುತ್ತಿಂದ ಮತ್ತೆ ಓಡೋಕೆ ಶುರು ಮಾಡ್ದ. ಅಲ್ಲಿ ಕುಡಿದ್ಮೇಲೆ ಓಡೋಕೆ ಬಿಡಲ್ಲ ಕಣೋ ಅಂತ ಕೂಗಿದೆ, ಮಳೇಲಿ ಕೇಳಿಸ್ತೋ ಇಲ್ವೋ. 6 ನಿಮಿಷ 10 ಸೆಕೆಂಡ್ ಬಂತು, ಹೊಟ್ಟೆಲಿ ಎರಡು ಲೋಟ ಚಾ ಇದ್ರೆ ಅಷ್ಟೇ ಬರೋದು. ನಮಸ್ಕಾರ.